ಡೇಟಾ ನೋಡ್ದೆ ಡಿಸೈನ್ ಮಾಡೋಕೆ ಹೋಗ್ಬೇಡಿ: ಅಂಗಡಿ, ಏಜೆನ್ಸಿ ಸೈಟುಗಳ ಫ್ರಂಟ್ ಎಂಡ್ ಕೆಲಸ ಹಿಡಿಯೋರಿಗೆ

ಹುಬ್ಬಳ್ಳಿಲಿ ಒಂದು ಬೇರಿಂಗ್ ಅಂಗಡಿ. ಮೋಟರ್, ಪಂಪ್‌ಸೆಟ್, ಹಿಟ್ಟಿನ ಗಿರಣಿ ಇವಕ್ಕೆಲ್ಲ ಬೇಕಾಗೋ ಬೇರಿಂಗು, ಆಯಿಲ್ ಸೀಲು, ವಿ ಬೆಲ್ಟು ಮಾರ್ತಾರೆ, ಸುಮಾರು ನಾಲ್ಕು ಸಾವಿರ ಐಟಮ್ಮು, ಎಲ್ಲಾ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಎಂಟ್ರಿ ಆಗಿರೋದು. ಅವ್ರಿಗೆ ವೆಬ್‌ಸೈಟ್ ಬೇಕಿತ್ತು. ಬ್ಯಾಕೆಂಡಿಗೆ, ಅಂದ್ರೆ ಸರ್ವರು ಡೇಟಾಬೇಸು ನೋಡ್ಕೊಳ್ಳೋಕೆ, ಬೇರೆ ಒಬ್ಬ ಹುಡುಗ ಇದ್ದ, ಲಾರಾವೆಲ್ಲು ಮೈಎಸ್‌ಕ್ಯುಎಲ್ಲು ಅವನ ಪಾಲು, ನಂದು ಬರೀ ಮುಂದಿನ ಭಾಗ. ನಾನು ಎರಡು ವಾರ ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಮುಂದೆ ಕೂತು ಚೆಂದಚೆಂದದ ಕಾರ್ಡು ಮಾಡ್ದೆ, ಪ್ರತಿ ಕಾರ್ಡಲ್ಲೂ ಬಿಳಿ ಬ್ಯಾಕ್‌ಗ್ರೌಂಡಿನ ದೊಡ್ಡ ಫೋಟೋ, ಕೆಳಗೆ ಎರಡೇ ಪದದ ಹೆಸರು, ರೇಟು, ಒಂದು ಬಟನ್ನು. ಸಾವ್ಕಾರ್ರು ನೋಡಿ "ಭಾಳ ಚೊಲೊ ಆಗೇತಿ ತಮ್ಮಾ" ಅಂದ್ರು, ಅಡ್ವಾನ್ಸೂ ಬಂತು.

ಆಮೇಲೆ ಅಸಲಿ ಡೇಟಾ ಬಂತು ನೋಡಿ. ಫೋಟೋ ಇದ್ದಿದ್ದು ಒಂದು ನೂರಕ್ಕೂ ಕಮ್ಮಿ ಐಟಮ್ಮಿಗೆ. ಹೆಸರುಗಳೆಲ್ಲ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, ಬಿಲ್ಲಿಗೆ ಅಂತ ಯಾರೋ ಅವಸರದಲ್ಲಿ ಟೈಪ್ ಮಾಡಿದ್ದು, ಬೇರಿಂಗ್ ಅನ್ನೋದನ್ನೇ ಐದಾರು ಥರ ಚಿಕ್ಕದು ಮಾಡಿ ಬರ್ದಿದ್ರು. ಎಷ್ಟೋ ಐಟಮ್ಮಿಗೆ ರೇಟ್ ಸೊನ್ನೆ, ಯಾಕಂದ್ರೆ ರೇಟ್ ದಿನಾ ಬದಲಾಗತ್ತೆ ಅಂತ ತುಂಬಿಸಿರ್ಲಿಲ್ಲ. ಸ್ಟಾಕ್ ಕಾಲಮ್ಮಲ್ಲಿ ಕೆಲವು ಕಡೆ ಮೈನಸ್ 3, ಮೈನಸ್ 12. ಪರ್ಚೇಸ್ ಬಿಲ್ ಎಂಟ್ರಿ ಮಾಡೋಕೆ ಮುಂಚೆನೇ ಸೇಲ್ ಎಂಟ್ರಿ ಮಾಡಿದ್ರೆ ಟ್ಯಾಲಿಲಿ ಹಂಗೇ ಬರತ್ತೆ, ಅವ್ರಿಗದು ದಿನದ ಮಾತು. ಟೆಸ್ಟ್ ಸೈಟಿನ ಲಿಂಕನ್ನ ಸಾವ್ಕಾರ್ರು ಖುಷಿಯಿಂದ ನಾಕು ಜನಕ್ಕೆ ಕಳ್ಸಿಬಿಟ್ಟಿದ್ರು, ಒಬ್ಬ ಗಿರಾಕಿ ಸ್ಕ್ರೀನ್‌ಶಾಟ್ ತೆಗೆದು ವಾಪಸ್ ಕಳಿಸಿದ್ದ, "ಏನ್ ಸಾವ್ಕಾರ್ರ, ಬೇರಿಂಗ್ ಫ್ರೀ ಕೊಡಾಕತ್ತೀರೇನು?" ಕಾರ್ಡಲ್ಲಿ ₹0.00 ಅಂತ ದೊಡ್ಡ ಅಕ್ಷರದಲ್ಲಿ ಹೊಳೀತಿತ್ತು. ತಪ್ಪು ನಂದೇ. ಆ ಎರಡು ವಾರದ ಫಿಗ್ಮಾ ಕೆಲಸ ಪೂರ್ತಿ ಕಸದ ಬುಟ್ಟಿಗೆ ಹೋಯ್ತು.

ಅವತ್ತಿಂದ ನಂದು ಒಂದೇ ಪಟ್ಟು. ಡೇಟಾ ಕೈಗೆ ಬರೋವರ್ಗೂ ಫಿಗ್ಮಾ ಓಪನ್ ಮಾಡಲ್ಲ.

ಮೊದಲನೇ ದಿನ ಎಕ್ಸೆಲ್ ಕೇಳಿ

ಕ್ಲೈಂಟ್ "ಲೋಗೋ ಕಳಿಸ್ಲಾ, ಕಲರ್ ಹೇಳ್ಲಾ" ಅಂತಾರೆ, ಅದೆಲ್ಲ ಆಮೇಲೆ. ನೀವು ಕೇಳ್ಬೇಕಾಗಿರೋದು ಅವರ ಐಟಂ ಲಿಸ್ಟಿನ ಎಕ್ಸ್‌ಪೋರ್ಟು, ಇದ್ದದ್ದು ಇದ್ದ ಹಾಗೆ, ಕ್ಲೀನ್ ಮಾಡ್ದೆ. "ಸ್ವಲ್ಪ ಸರಿ ಮಾಡಿ ಕೊಡ್ತೀನಿ" ಅಂದ್ರೆ ಬೇಡ ಅನ್ನಿ, ಸರಿ ಮಾಡಿದ ಇಪ್ಪತ್ತು ಐಟಮ್ಮು ಕೊಡ್ತಾರೆ, ಆ ಇಪ್ಪತ್ತು ನೋಡ್ಕೊಂಡು ಡಿಸೈನ್ ಮಾಡಿದ್ರೆ ಮತ್ತೆ ನನ್ನ ಕಥೆನೇ.

ಎಕ್ಸೆಲ್ ಬಂದ್ಮೇಲೆ ಅರ್ಧ ಗಂಟೆ ಕೆಲಸ ಇದೆ. ಹೆಸರಿನ ಕಾಲಮ್ಮಿಗೆ ಅಕ್ಷರ ಎಣಿಸೋ ಲೆನ್ ಫಾರ್ಮುಲಾ ಹಾಕಿ ಉದ್ದದ ಪ್ರಕಾರ ಸಾರ್ಟ್ ಮಾಡಿ, ಅತಿ ಉದ್ದದ ಹೆಸರು ಅತಿ ಚಿಕ್ಕ ಹೆಸರು ಎರಡನ್ನೂ ಬರ್ಕೊಳ್ಳಿ. ಪ್ರತಿ ಕಾಲಮ್ಮಲ್ಲೂ ಖಾಲಿ ಎಷ್ಟಿದೆ ಫಿಲ್ಟರ್ ಹಾಕಿ ನೋಡಿ. ಆಮೇಲೆ ಸೊನ್ನೆ ಹುಡುಕಿ, ಯಾಕಂದ್ರೆ ಸೊನ್ನೆ ಬೇರೆ ಖಾಲಿ ಬೇರೆ, ಸೊನ್ನೆ ಅಂದ್ರೆ ನಿಜವಾಗ್ಲೂ ಇಲ್ವಾ ಇಲ್ಲಾ ತುಂಬಿಸಿಲ್ವಾ ಅನ್ನೋದು ಅಂಗಡಿಯವ್ರಿಗೆ ಮಾತ್ರ ಗೊತ್ತಿರತ್ತೆ, ಬ್ಯಾಕೆಂಡ್ ಹುಡುಗನಿಗೂ ಗೊತ್ತಿರಲ್ಲ. ಒಂದೇ ಕಂಪನಿ ಹೆಸರನ್ನ ಎಷ್ಟು ಥರ ಬರೆದಿದ್ದಾರೆ ನೋಡಿ, ಇಲ್ದಿದ್ರೆ ನಿಮ್ಮ ಫಿಲ್ಟರಲ್ಲಿ ಅದೇ ಬ್ರ್ಯಾಂಡು ನಾಲ್ಕು ಸಲ ಕೂತಿರತ್ತೆ.

ಈಗ ಇದ್ರಲ್ಲಿ ಒಂದು ಹತ್ತು ಕೆಟ್ಟ ಸಾಲು ಆರಿಸ್ಕೊಳ್ಳಿ. ಫೋಟೋ ಇಲ್ದಿರೋದು, ರೇಟ್ ಸೊನ್ನೆ ಇರೋದು, ಹೆಸರು ಮೂರು ಲೈನ್ ಹೋಗೋದು, ಸ್ಟಾಕ್ ಮೈನಸ್ ಇರೋದು. ಡಿಸೈನ್ ಶುರು ಮಾಡೋದು ಇವುಗಳಿಂದ. ಈ ಹತ್ತು ಸಾಲು ಕಾರ್ಡಲ್ಲಿ ಸರಿಯಾಗಿ ಕೂತ್ರೆ ಒಳ್ಳೆ ಸಾಲುಗಳು ತಾವೇ ಕೂರ್ತವೆ, ಉಲ್ಟಾ ಮಾತ್ರ ಆಗಲ್ಲ.

ಆ ಬೇರಿಂಗ್ ಅಂಗಡಿಲಿ ಕೊನೆಗೆ ಫೋಟೋ ಇರೋ ಕಾರ್ಡನ್ನೇ ಬಿಟ್ಟೆ. ಬೇರಿಂಗಿನ ಫೋಟೋದಲ್ಲಿ ಏನಿದೆ ಹೇಳಿ, ಎಲ್ಲಾ ಉಂಗುರದ ಥರಾನೇ ಕಾಣ್ಸತ್ತೆ. ಅದರ ಬದಲು ಟೇಬಲ್ ಥರ ಸಾಲು, ನಂಬರ್ ದಪ್ಪಗೆ, ಪಕ್ಕದಲ್ಲಿ ಅಳತೆ. ರೇಟ್ ಸೊನ್ನೆ ಅಥವಾ ಖಾಲಿ ಇದ್ರೆ "ರೇಟ್ ಕೇಳಿ" ಅಂತ ವಾಟ್ಸಾಪ್ ಬಟನ್ನು, ಒತ್ತಿದ್ರೆ ಐಟಂ ನಂಬರ್ ಸಮೇತ ಮೆಸೇಜ್ ರೆಡಿ ಆಗಿರತ್ತೆ. ಸ್ಟಾಕಿಗೆ ಸಂಖ್ಯೆನೇ ತೋರ್ಸಲ್ಲ, ಸೊನ್ನೆಗಿಂತ ಜಾಸ್ತಿ ಇದ್ರೆ "ಇದೆ", ಬಾಕಿ ಏನೇ ಇದ್ರೂ "ಫೋನ್ ಮಾಡಿ ಕೇಳಿ".

ಗಿರಾಕಿ ಹೆಂಗೆ ಹುಡುಕ್ತಾನೆ ಅಂತ ಕೌಂಟರಲ್ಲಿ ನಿಂತು ನೋಡಿ

ಇದಕ್ಕೆ ಒಂದು ದಿನ ಖರ್ಚು ಮಾಡಿ, ಬಸ್ ಚಾರ್ಜ್ ನಿಮ್ಮ ಕೈಯಿಂದ ಹೋದ್ರೂ ನಷ್ಟ ಇಲ್ಲ. ನಾನು ಮೊದ್ಲು ಮಾಡಿದ್ದ ಮೆನು ಹೆಂಗಿತ್ತು ಅಂದ್ರೆ ಬಾಲ್ ಬೇರಿಂಗ್, ರೋಲರ್ ಬೇರಿಂಗ್, ಟೇಪರ್ ಬೇರಿಂಗ್ ಅಂತ ಕೆಟಗರಿ. ಕೌಂಟರಲ್ಲಿ ನಿಂತ್ರೆ ಒಬ್ಬನೂ ಹಂಗೆ ಕೇಳ್ಲಿಲ್ಲ. ಬರೋರು ಸವೆದ ಬೇರಿಂಗನ್ನ ಪೇಪರಲ್ಲಿ ಸುತ್ಕೊಂಡು ಬರ್ತಾರೆ, ಮುಂದೆ ಇಡ್ತಾರೆ, ನಂಬರ್ ಓದೋ ಹಂಗಿದ್ರೆ "6205 ಕೊಡ್ರಿ" ಅಂತಾರೆ. ನಂಬರ್ ಅಳಿಸಿ ಹೋಗಿದ್ರೆ ಕೌಂಟರ್ ಹುಡುಗ ವರ್ನಿಯರ್ ತಗೊಂಡು ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಮೂರನ್ನೂ ಅಳೀತಾನೆ. 25, 52, 15 ಬಂದ್ರೆ ಅದು 6205. 20, 47, 14 ಬಂದ್ರೆ 6204. ಆ ಹುಡುಗನಿಗೆ ಇದು ಮಗ್ಗಿ ಥರ ಬಾಯಿಗೆ ಬರ್ತಿತ್ತು.

ಹಂಗಾಗಿ ಸೈಟಿನ ಹೋಮ್ ಪೇಜಲ್ಲಿ ಬ್ಯಾನರ್ ತೆಗೆದು ಎರಡೇ ಸಾಮಾನು ಇಟ್ಟೆ: ನಂಬರ್ ಹಾಕೋ ಒಂದು ಬಾಕ್ಸು, ಅದರ ಕೆಳಗೆ ಒಳಗೆ, ಹೊರಗೆ, ದಪ್ಪ ಅಂತ ಮೂರು ಚಿಕ್ಕ ಬಾಕ್ಸು. ಮೂರರಲ್ಲಿ ಎರಡು ತುಂಬಿದ್ರೂ ಹುಡುಕತ್ತೆ. ಸಾವ್ಕಾರ್ರಿಗೆ ಬ್ಯಾನರ್ ಹೋಗಿದ್ದು ಸ್ವಲ್ಪ ಬೇಜಾರಾಯ್ತು, ಅವರ ಅಪ್ಪಾಜಿ ಫೋಟೋ ಇತ್ತು ಅದ್ರಲ್ಲಿ, ಅದನ್ನ "ನಮ್ಮ ಬಗ್ಗೆ" ಪೇಜಿಗೆ ತಗೊಂಡೋದೆ.

ನಂಬರ್ ಬಾಕ್ಸಲ್ಲೂ ಒಂದು ತೊಡಕಿದೆ. 6205 ಆದ್ಮೇಲೆ ಹಿಂದೆ ಬಾಲ ಇರತ್ತೆ, ಎರಡೂ ಕಡೆ ತಗಡಿನ ಮುಚ್ಚಳ ಇದ್ರೆ ಜೆಡ್‌ಜೆಡ್, ರಬ್ಬರ್ ಸೀಲ್ ಇದ್ರೆ 2ಆರ್‌ಎಸ್. ಇದನ್ನ ಒಬ್ಬ ಗೆರೆ ಹಾಕಿ ಬರೀತಾನೆ, ಒಬ್ಬ ಜಾಗ ಬಿಟ್ಟು, ಒಬ್ಬ ಅಂಟಿಸಿ. ಡೇಟಾಬೇಸಲ್ಲಿ ಗೆರೆ ಇದ್ದು ಗಿರಾಕಿ ಗೆರೆ ಹಾಕ್ದೆ ಹುಡುಕಿದ್ರೆ "ಏನೂ ಸಿಗ್ಲಿಲ್ಲ" ಅಂತ ಬರತ್ತೆ, ಮಾಲು ಅಂಗಡಿಲಿ ಡಬ್ಬಿಗಟ್ಲೆ ಬಿದ್ದಿರತ್ತೆ. ಬ್ಯಾಕೆಂಡಿನವ್ರಿಗೆ ಹೇಳಿ, ಗೆರೆ ಜಾಗ ಎಲ್ಲ ಕಿತ್ತು ಹುಡುಕೋಕೆ ಅಂತನೇ ಬೇರೆ ಒಂದು ಕಾಲಮ್ ಇಡ್ಲಿ, ಗಿರಾಕಿ ಟೈಪ್ ಮಾಡಿದ್ದನ್ನೂ ಹಂಗೇ ಕಿತ್ತು ಹೋಲ್ಸಲಿ. ಇದು ಫ್ರಂಟ್ ಎಂಡ್ ಕೆಲಸ ಅಲ್ಲ ನಿಜ, ಆದ್ರೆ ಬೈಸ್ಕೊಳೋದು ಸರ್ಚ್ ಬಾಕ್ಸ್ ಮಾಡಿದವ್ನೇ.

"ಏನೂ ಸಿಗ್ಲಿಲ್ಲ" ಅನ್ನೋ ಪೇಜನ್ನೂ ಬಿಡ್ಬೇಡಿ, ಅದೂ ಒಂದು ಡಿಸೈನೇ. ಅಲ್ಲಿ ಬರೀ ಬೇಜಾರಿನ ಮುಖದ ಚಿತ್ರ ಹಾಕಿ ಕೈ ತೊಳ್ಕೊಂಡ್ರೆ ಗಿರಾಕಿ ಹೋದ. ಹುಡುಕಿದ ನಂಬರ್ ಸಮೇತ ವಾಟ್ಸಾಪಿಗೆ ಹೋಗೋ ಬಟನ್ ಅಲ್ಲೇ ಇಡಿ.

ಲಿಸ್ಟ್ ಪೇಜು

ನಾಲ್ಕು ಸಾವಿರ ಐಟಂ ಒಟ್ಟಿಗೆ ಬ್ರೌಸರಿಗೆ ತಂದು ಜಾವಾಸ್ಕ್ರಿಪ್ಟಲ್ಲಿ ಫಿಲ್ಟರ್ ಮಾಡೋದು ನಿಮ್ಮ ಲ್ಯಾಪ್‌ಟಾಪಲ್ಲಿ ಮಜವಾಗಿ ಓಡತ್ತೆ, ಗಿರಣಿ ಮಾಲೀಕನ ನಾಲ್ಕು ವರ್ಷದ ಹಳೇ ಫೋನಲ್ಲಿ ಓಡಲ್ಲ. ಪೇಜಿಗೆ 24 ಐಟಂ ಇಡ್ತೀನಿ ನಾನು, 2 ಕಾಲಮ್ಮಿಗೂ 3 ಕಾಲಮ್ಮಿಗೂ 4 ಕಾಲಮ್ಮಿಗೂ ಸರಿಯಾಗಿ ಭಾಗ ಆಗತ್ತೆ, ಕೊನೆ ಸಾಲಲ್ಲಿ ಒಂಟಿ ಕಾರ್ಡ್ ಉಳಿಯಲ್ಲ. ಕೆಳಗೆ ಹೋದಂಗೆಲ್ಲ ತಾನೇ ಲೋಡ್ ಆಗೋ ಸ್ಕ್ರೋಲು ಇನ್‌ಸ್ಟಾಗ್ರಾಮಿಗೆ ಸರಿ, ಅಂಗಡಿಗೆ ಬೇಡ, ಯಾಕಂದ್ರೆ ಫುಟರಲ್ಲಿ ಫೋನ್ ನಂಬರ್ ಇರತ್ತೆ, ಅದನ್ನ ಮುಟ್ಟೋಕೆ ಹೋದ್ರೆ ಪೇಜು ಮತ್ತೆ ಉದ್ದ ಆಗತ್ತೆ, ನಾಯಿ ಬಾಲ ಹಿಡಿಯೋಕೆ ತಿರುಗಿದಂಗೆ.

ಸಾರ್ಟಿಂಗ್ ಬ್ರೌಸರಲ್ಲಿ ಮಾಡಿದ್ರೆ ಕಣ್ಣ ಮುಂದಿರೋ 24 ಮಾತ್ರ ಸಾರ್ಟ್ ಆಗತ್ತೆ, ಎರಡನೇ ಪೇಜಲ್ಲಿ ಅದಕ್ಕಿಂತ ಕಡಿಮೆ ರೇಟಿನದು ಕೂತಿರತ್ತೆ. ಸರ್ವರಿಂದಲೇ ಸಾರ್ಟ್ ಆಗಿ ಬರ್ಬೇಕು. ಇನ್ನೊಂದು, ಅಳತೆಯ ಡ್ರಾಪ್‌ಡೌನಲ್ಲಿ 10, 100, 12, 20, 25 ಅಂತ ಬಂದ್ರೆ ನಿಮ್ಮ ಕೋಡಲ್ಲಿ ಹುಡುಕ್ತಾ ಕೂರ್ಬೇಡಿ, ಡೇಟಾಬೇಸಲ್ಲಿ ಆ ಕಾಲಮ್ ಸಂಖ್ಯೆ ಅಂತ ಇಲ್ಲ, ಅಕ್ಷರ ಅಂತ ಇದೆ. ಒಂದು ಫೋನಲ್ಲಿ ಮುಗಿಯೋ ವಿಷಯ.

ಫಿಲ್ಟರ್ ಹಾಕಿದ್ದು ಯುಆರ್‌ಎಲ್ಲಲ್ಲಿ ಕಾಣ್ಬೇಕು. ನಮ್ಮ ಕಡೆ ವ್ಯಾಪಾರ ಎಲ್ಲ ವಾಟ್ಸಾಪಲ್ಲಿ, ಫಿಟ್ಟರ್ ಒಬ್ಬ 25 ಎಂಎಂ ಲಿಸ್ಟ್ ತೆಗೆದು ಮಾಲೀಕನಿಗೆ ಲಿಂಕ್ ಕಳಿಸ್ತಾನೆ, ಆ ಕಡೆ ಓಪನ್ ಮಾಡಿದ್ರೆ ಮೊದಲನೇ ಪೇಜಿಂದ ಎಲ್ಲಾ ಐಟಂ ಬಂದ್ರೆ ಏನ್ ಪ್ರಯೋಜನ? ಅದೇ ಲಿಂಕಿಗೆ ವಾಟ್ಸಾಪಲ್ಲಿ ಐಟಂ ಹೆಸರು, ಚಿಕ್ಕ ಚಿತ್ರ ಬರ್ಬೇಕು ಅಂದ್ರೆ ಅದನ್ನ ಹೇಳೋ ಮೆಟಾ ಟ್ಯಾಗುಗಳು ಸರ್ವರಿಂದ ಬರೋ ಪೇಜಲ್ಲೇ ಇರ್ಬೇಕು, ಜಾವಾಸ್ಕ್ರಿಪ್ಟ್ ಓಡಿದ್ಮೇಲೆ ಸೇರಿಸಿದ್ದು ವಾಟ್ಸಾಪಿಗೆ ಕಾಣಲ್ಲ. ಇಡೀ ಸೈಟನ್ನ ರಿಯಾಕ್ಟಲ್ಲಿ (ಪೇಜನ್ನ ಬ್ರೌಸರಲ್ಲೇ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಮಾಡ್ತೀನಿ ಅಂತ ಹೊರಡೋಕೆ ಮುಂಚೆ ಇದನ್ನ ಯೋಚ್ನೆ ಮಾಡಿ. ಇಂಥ ಅಂಗಡಿ ಸೈಟಿಗೆ ಸರ್ವರಲ್ಲಿ ರೆಡಿಯಾದ ಪೇಜು, ಮೇಲೆ ಸ್ವಲ್ಪ ಜಾವಾಸ್ಕ್ರಿಪ್ಟು, ಅಷ್ಟು ಸಾಕು ಅನ್ನೋದು ನನ್ನ ಅಭಿಪ್ರಾಯ, ಜಗಳ ಆಡೋರು ಆಡ್ಬಹುದು.

ದುಡ್ಡಿನ ಸಂಖ್ಯೆಗೆ ಕಾಮಾ ನಮ್ಮ ಪದ್ಧತಿಲಿ ಬರ್ಬೇಕು, 1,25,000 ಅಂತ. ಭಾರತದ ಲೊಕೇಲ್ (ದೇಶ, ಭಾಷೆಯ ಸೆಟ್ಟಿಂಗು) ಕೊಟ್ಟು ಬ್ರೌಸರಿನ ನಂಬರ್ ಫಾರ್ಮ್ಯಾಟ್ ಬಳಸಿದ್ರೆ ತಾನೇ ಬರತ್ತೆ. ಫೋಟೋ ಇದ್ರೆ ಅಗಲ ಎತ್ತರ ಎರಡನ್ನೂ ಟ್ಯಾಗಲ್ಲೇ ಬರೀರಿ, ಇಲ್ದಿದ್ರೆ ಫೋಟೋ ಬಂದಾಗ ಪೇಜ್ ಕುಣಿಯತ್ತೆ, ಒಂದನ್ನ ಒತ್ತೋಕೆ ಹೋಗಿ ಇನ್ನೊಂದು ಒತ್ತಿರ್ತೀರ. ಗೂಗಲ್ ಇದನ್ನ ಅಳೀತಾರೆ, ಆ ಕುಣಿತದ ಅಂಕ 0.1ರ ಒಳಗಿರ್ಬೇಕು, ಪೇಜಿನ ದೊಡ್ಡ ಭಾಗ 2.5 ಸೆಕೆಂಡಿನ ಒಳಗೆ ಕಾಣ್ಬೇಕು ಅನ್ನೋದು ಅವರ ಲೆಕ್ಕ.

ಕನ್ನಡ ಇದ್ರೆ ಮೊದಲನೇ ದಿನಾನೇ ಪರೀಕ್ಷೆ ಮಾಡಿ

ಇಲ್ಲಿ ನನ್ನ ಎಷ್ಟೋ ರಾತ್ರಿ ಹಾಳಾಗಿದೆ. ಬ್ಯಾಕೆಂಡ್ ರೆಡಿ ಆದ ತಕ್ಷಣ ಅಡ್ಮಿನ್ ಪೇಜಲ್ಲಿ "ರಾಷ್ಟ್ರೀಯ", "ಹುಬ್ಬಳ್ಳಿ", "ಸ್ತ್ರೀ" ಅಂತ ಟೈಪ್ ಮಾಡಿ ಸೇವ್ ಮಾಡಿ, ಆಮೇಲೆ ಸೈಟಲ್ಲಿ ತೆಗೆದು ನೋಡಿ. ಖಾಲಿ ಡಬ್ಬಿ ಡಬ್ಬಿ ಕಂಡ್ರೆ ಫಾಂಟ್ ಸಮಸ್ಯೆ, ನಿಮ್ದು. ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2, ಪುಟಾಣಿ 3 ಹಿಂಗೆ ವಿಚಿತ್ರ ಕಂಡ್ರೆ ಯುಟಿಎಫ್-8ನ (ಎಲ್ಲಾ ಭಾಷೆ ಅಕ್ಷರವನ್ನೂ ಕಂಪ್ಯೂಟರಲ್ಲಿ ಇಡೋ ಪದ್ಧತಿ) ಬೇರೆ ಏನೋ ಅಂತ ಓದ್ತಿದೆ, ಸಾಮಾನ್ಯವಾಗಿ ಸರಿ ಮಾಡ್ಬಹುದು. ಸಾಲಾಗಿ ಪ್ರಶ್ನೆ ಚಿಹ್ನೆ ಕಂಡ್ರೆ, ಅದೂ ಡೇಟಾಬೇಸಲ್ಲೇ ಹಂಗಿದ್ರೆ, ಕನ್ನಡ ಅಲ್ಲಿಗೆ ಹೋಗೇ ಇಲ್ಲ, ಆ ಅಕ್ಷರ ವಾಪಸ್ ಬರಲ್ಲ, ಮತ್ತೆ ಟೈಪ್ ಮಾಡ್ಬೇಕು. ಟೇಬಲ್ಲು, ಕನೆಕ್ಷನ್ನು ಎರಡೂ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್ಲಲ್ಲಿ ಪೂರ್ತಿ ಯುಟಿಎಫ್-8ಗೆ ಇರೋ ಹೆಸರು) ಇರ್ಲಿ ಅಂತ ಬ್ಯಾಕೆಂಡಿನವ್ರಿಗೆ ಹೇಳಿ. ಎಕ್ಸೆಲಿಂದ ಸಿಎಸ್‌ವಿ ಸೇವ್ ಮಾಡುವಾಗ್ಲೂ ಯುಟಿಎಫ್-8 ಅಂತ ಇರೋ ಆಯ್ಕೆನೇ ಒತ್ತಬೇಕು, ಬರೀ ಸಿಎಸ್‌ವಿ ಒತ್ತಿದ್ರೆ ಕನ್ನಡ ಅಲ್ಲೇ ಸತ್ತೋಗತ್ತೆ.

ಇನ್ನೊಂದು ನಮ್ಮದೇ ಕಾಯಿಲೆ ಇದೆ. ಅಂಗಡಿಯವ್ರು ಕೊಡೋ ಕನ್ನಡ ಬರಹ ಎಷ್ಟೋ ಸಲ ಡಿಟಿಪಿ ಸೆಂಟರಲ್ಲಿ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸಿದ್ದು, ಯೂನಿಕೋಡ್ ಅಲ್ಲ. ಕಾಪಿ ಮಾಡಿ ಸೈಟಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಕನ್ವರ್ಟರ್ ಸಿಗ್ತವೆ, ಹಾಕಿ ತಿರುಗಿಸಿ, ಆದ್ರೆ ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಅಂಕಿ ಇರೋ ಜಾಗ ಎಲ್ಲ ಕಣ್ಣಾರೆ ಓದಿ.

ಸಿಎಸ್‌ಎಸ್ಸಲ್ಲಿ ಕನ್ನಡಕ್ಕೆ ಲೈನ್ ಹೈಟ್ 1.6 ಇಂದ 1.8 ಕೊಡಿ, ಇಂಗ್ಲಿಷಿಗೆ ಕೊಡೋ 1.2 ಕೊಟ್ಟು ಓವರ್‌ಫ್ಲೋ ಹಿಡನ್ (ಬಾಕ್ಸಿಂದ ಹೊರಗೆ ಬಂದಿದ್ದನ್ನ ಮುಚ್ಚೋದು) ಬೇರೆ ಹಾಕಿದ್ರೆ ಕೆಳಗಿನ ಒತ್ತು ಕತ್ತರಿಸಿ ಹೋಗಿ "ಹುಬ್ಬಳ್ಳಿ" "ಹುಬಳಿ" ಆಗತ್ತೆ. ಲೆಟರ್ ಸ್ಪೇಸಿಂಗ್ ಕೊಡ್ಲೇಬೇಡಿ. ಬಟನ್ನಿಗೆ ಫಿಕ್ಸ್ ಅಗಲ ಎತ್ತರ ಬೇಡ, ಪ್ಯಾಡಿಂಗ್ ಸಾಕು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ 2, ಎಲ್ಲಾ ಗೂಗಲ್ ಫಾಂಟ್ಸಲ್ಲಿ ಪುಕ್ಕಟೆ ಸಿಗತ್ತೆ.

ಫಾರ್ಮು

ಎನ್‌ಕ್ವೈರಿ ಫಾರ್ಮಲ್ಲಿ ಹೆಸರು, ಮೊಬೈಲು, ಏನ್ ಬೇಕು, ಮುಗೀತು. ಜಿಎಸ್‌ಟಿ ನಂಬರ್ ಬೇಕೇ ಬೇಕು ಅಂದ್ರೆ ಅದು 15 ಅಕ್ಷರ, ಕರ್ನಾಟಕದ್ದಾದ್ರೆ 29 ಇಂದ ಶುರು, ಮಧ್ಯದಲ್ಲಿ 10 ಅಕ್ಷರದ ಪ್ಯಾನ್ ಇರತ್ತೆ, ಹಂಗಾಗಿ ಪ್ಯಾನಿಗೆ ಬೇರೆ ಬಾಕ್ಸ್ ಇಟ್ಟು ಜನರ ತಲೆ ತಿನ್ಬೇಡಿ. ಮೊಬೈಲ್ ನಂಬರನ್ನ ಜನ +91 ಸಮೇತ, ಮಧ್ಯೆ ಜಾಗ ಸಮೇತ ಪೇಸ್ಟ್ ಮಾಡ್ತಾರೆ, ತಗೊಂಡು ನೀವೇ ಕ್ಲೀನ್ ಮಾಡ್ಕೊಳ್ಳಿ, ಕೆಂಪಗೆ ಬೈಬೇಡಿ. ಬಾಕ್ಸಿನ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಿದ್ರೆ ಐಫೋನಲ್ಲಿ ಪೇಜ್ ತಾನೇ ಝೂಮ್ ಆಗತ್ತೆ. ಒಂದ್ಸಲ ಒತ್ತಿದ್ಮೇಲೆ ಬಟನ್ ಆಫ್ ಮಾಡಿ "ಕಳಿಸ್ತಾ ಇದೆ" ಅನ್ನಿ, ಇಲ್ಲಾಂದ್ರೆ ನೆಟ್ ಸ್ಲೋ ಇರೋ ಕಡೆ ಒಬ್ಬನೇ ಐದು ಎನ್‌ಕ್ವೈರಿ ಹಾಕಿರ್ತಾನೆ. ಫೇಲ್ ಆದ್ರೆ ಟೈಪ್ ಮಾಡಿದ್ದು ಅಲ್ಲೇ ಉಳೀಬೇಕು.

ಬ್ರೌಸರಲ್ಲಿ ಮಾಡೋ ಚೆಕ್ಕು ಬರೀ ಅನುಕೂಲಕ್ಕೆ, ಸೆಕ್ಯುರಿಟಿಗೆ ಅಲ್ಲ, ಸರ್ವರಲ್ಲೂ ಅದೇ ಚೆಕ್ ಇರ್ಲೇಬೇಕು. ಡೇಟಾಬೇಸ್ ಪಾಸ್‌ವರ್ಡನ್ನ ಜಾವಾಸ್ಕ್ರಿಪ್ಟ್ ಫೈಲಲ್ಲಿ ಬರೆದಿಟ್ಟ ಪುಣ್ಯಾತ್ಮರನ್ನ ನಾನು ನೋಡಿದೀನಿ, ಸೋರ್ಸ್ ತೆಗೆದ್ರೆ ಯಾರು ಬೇಕಾದ್ರೂ ಓದ್ಬಹುದು.

ಬ್ಯಾಕೆಂಡ್ ಹುಡುಗನ ಜೊತೆ

ಶುರುಲೇ ಇಬ್ರೂ ಕೂತು ಒಂದು ಐಟಮ್ಮಿನ ಜೇಸನ್ (ಸರ್ವರು ಡೇಟಾ ಕಳಿಸೋ ರೂಪ) ಹೆಂಗಿರತ್ತೆ ಅಂತ ಬರ್ಕೊಳ್ಳಿ, ಫೀಲ್ಡ್ ಹೆಸರೇನು, ಯಾವುದು ಖಾಲಿ ಇರ್ಬಹುದು, ರೇಟ್ ಸಂಖ್ಯೆಯಾಗಿ ಬರತ್ತಾ ರೂಪಾಯಿ ಚಿಹ್ನೆ ಸೇರಿಸಿ ಬರತ್ತಾ. ಅದೇ ಫೈಲಲ್ಲಿ ಆ ಹತ್ತು ಕೆಟ್ಟ ಸಾಲು ಹಾಕ್ಕೊಂಡು ಕೆಲಸ ಶುರು ಮಾಡಿದ್ರೆ ಅವನಿಗೆ ಕಾಯೋದೇ ಬೇಡ. ಕೊಡುವಾಗ ಒಂದು ಪೇಜಲ್ಲಿ ಎಲ್ಲ ಸ್ಥಿತಿಗಳನ್ನೂ ಸಾಲಾಗಿಟ್ಟು ಕೊಡಿ: ಲೋಡ್ ಆಗ್ತಿರೋದು, ಏನೂ ಇಲ್ದಿರೋದು, ಒಂದೇ ಐಟಂ ಇರೋದು, ತುಂಬಾ ಇರೋದು, ಎರರ್ ಬಂದಿರೋದು. ಲಾರಾವೆಲ್ಲಿನ ಟೆಂಪ್ಲೇಟ್ ಭಾಷೆ ಬ್ಲೇಡಲ್ಲಿ ಖಾಲಿ ಲಿಸ್ಟಿಗೆ ಅಂತನೇ ಫಾರ್‌ಎಲ್ಸ್ ಇದೆ, ಆದ್ರೆ ನೀವು ಖಾಲಿ ಡಿಸೈನ್ ಕೊಡ್ಲಿಲ್ಲ ಅಂದ್ರೆ ಅವ್ನು ಅಲ್ಲಿ "ನೋ ಡೇಟಾ" ಅಂತ ಬರೆದು ಮನೆಗೆ ಹೋಗ್ತಾನೆ, ಅವನ ತಪ್ಪಲ್ಲ.

ದುಡ್ಡು

"ಐದೇ ಪೇಜ್ ತಮ್ಮಾ, ಲಗೂನ ಮುಗಸು" ಅನ್ನೋರೂ ಇದ್ದಾರೆ, "ನಾಕು ಸಾವಿರ ಐಟಂ ಅದಾವ, ನಾಕು ಸಾವಿರ ಪೇಜಿಗೆ ರೊಕ್ಕ ತಗೋತಿಯೇನು?" ಅಂತ ಹೆದರೋರೂ ಇದ್ದಾರೆ. ಇಬ್ರಿಗೂ ಪೇಜ್ ಲೆಕ್ಕ ಬಿಡಿಸಿ. ನಾಲ್ಕು ಸಾವಿರ ಐಟಮ್ಮಿಗೂ ಟೆಂಪ್ಲೇಟ್ ಒಂದೇ, ಆದ್ರೆ ಆ ಒಂದಕ್ಕೆ ಐದಾರು ಸ್ಥಿತಿ. ನಾನು ಟೆಂಪ್ಲೇಟ್ ಎಣಿಸ್ತೀನಿ, ಪ್ರತಿ ಟೆಂಪ್ಲೇಟಿಗೆ ಎಷ್ಟು ಸ್ಥಿತಿ ಅಂತ ಎಣಿಸ್ತೀನಿ, ಅದಕ್ಕೆ ಗಂಟೆ ಹಾಕಿ ರೇಟ್ ಹೇಳ್ತೀನಿ. ಡೇಟಾ ಕ್ಲೀನಿಂಗು, ಫೋಟೋ ತೆಗೆಯೋದು, ನುಡಿ ಕನ್ವರ್ಟ್ ಮಾಡೋದು ಇದೆಲ್ಲ ಬೇರೆ ಸಾಲಲ್ಲಿ ಬೇರೆ ರೇಟು. ಬರೀಲಿಲ್ಲ ಅಂದ್ರೆ ಅದು ಸದ್ದಿಲ್ದೆ ನಿಮ್ಮ ಮೇಲೆ ಬಂದು ಕೂರತ್ತೆ.

ಕಂತು ನಂದು 40, 30, 30 ಪರ್ಸೆಂಟ್. ಇಲ್ಲಿ ಒಂದು ಮಾತು ದಪ್ಪಕ್ಷರದಲ್ಲಿ ಬರ್ಕೊಳ್ಳಿ: ಕೊನೇ ಕಂತು "ಸೈಟ್ ಲೈವ್ ಆದ್ಮೇಲೆ" ಅಂತ ಒಪ್ಕೋಬೇಡಿ, "ಟೆಂಪ್ಲೇಟ್ ಕೊಟ್ಟು ಹದಿನೈದು ದಿನಕ್ಕೆ" ಅಂತ ಹಾಕಿ. ಬ್ಯಾಕೆಂಡ್ ತಡ ಆಗತ್ತೆ, ಐಟಂ ಲಿಸ್ಟ್ ತಡ ಆಗತ್ತೆ, ದೀಪಾವಳಿ ಪೂಜೆ ಆದ್ಮೇಲೆ ಲೈವ್ ಮಾಡೋಣ ಅಂತಾರೆ, ಆಮೇಲೆ ಯುಗಾದಿ ಅಂತಾರೆ. ಒಬ್ಬ ಕ್ಲೈಂಟ್ ಹತ್ರ ನನ್ನ 30 ಪರ್ಸೆಂಟ್ ಹಂಗೇ ಎಂಟು ತಿಂಗಳು ಕೂತಿತ್ತು, ನನ್ನ ಕೆಲಸ ಮುಗಿದಿದ್ದು ಎರಡನೇ ತಿಂಗಳಿಗೆ. ಮಾತು ಎಲ್ಲ ವಾಟ್ಸಾಪಲ್ಲಾದ್ರೂ ಬರಹದಲ್ಲಿರ್ಲಿ, ಫೋನಲ್ಲಿ ಹೇಳಿದ್ದನ್ನ "ಈಗ ಮಾತಾಡಿದ್ದು ಇಷ್ಟು" ಅಂತ ನೀವೇ ಟೈಪ್ ಮಾಡಿ ಕಳಿಸ್ಬಿಡಿ.

ಜಿಎಸ್‌ಟಿ ವಿಷಯಕ್ಕೆ, ಸರ್ವಿಸ್ ಕೊಡೋರಿಗೆ ವರ್ಷಕ್ಕೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್, ರಿಜಿಸ್ಟರ್ ಆಗದೆ ಬಿಲ್ಲಲ್ಲಿ 18% ಹಾಕೋ ಹಂಗಿಲ್ಲ. ದೊಡ್ಡ ಕ್ಲೈಂಟುಗಳು ಟಿಡಿಎಸ್ ಹಿಡ್ಕೊಂಡು ಕೊಡ್ತಾರೆ, ಅದು ನಿಮ್ಮ ಪ್ಯಾನಿಗೆ ನಿಜವಾಗ್ಲೂ ಕಟ್ಟಿದಾರಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ನೋಡ್ತಾ ಇರಿ.

ಡೊಮೇನು, ಹೋಸ್ಟಿಂಗು ಕ್ಲೈಂಟ್ ಹೆಸರಲ್ಲೇ, ಅವರ ಇಮೇಲಲ್ಲೇ ತಗೊಳ್ಳೋಕೆ ಹೇಳಿ. ನಿಮ್ಮ ಕಾರ್ಡಲ್ಲಿ ತಗೊಂಡ್ರೆ ಪ್ರತಿ ವರ್ಷ ರಿನ್ಯೂವಲ್ ದುಡ್ಡು ಕೇಳ್ತಾ ಓಡಾಡೋದು ನೀವು. ಕೊಡೋ ದಿನ ಅಂಗಡಿಗೆ ಹೋಗಿ, ನಿಮ್ಮ ಫೋನ್ ಜೇಬಲ್ಲಿಟ್ಟು ಕೌಂಟರ್ ಹುಡುಗನ ಫೋನಲ್ಲಿ ಸೈಟ್ ತೆಗೆಸಿ, ಏನೂ ಹೇಳ್ಕೊಡ್ದೆ ಸುಮ್ನೆ ನಿಂತು ನೋಡಿ. ನಮ್ಮ ಬೇರಿಂಗ್ ಅಂಗಡಿ ಹುಡುಗ ಗ್ರೀಸ್ ಮೆತ್ತಿದ ಹೆಬ್ಬೆರಳಲ್ಲಿ ಒತ್ತಿದಾಗ "ಒಳಗೆ" ಬಾಕ್ಸ್ ಬದಲು "ಹೊರಗೆ" ಬಾಕ್ಸ್ ಓಪನ್ ಆಯ್ತು, ಎರಡು ಸಲ. ಎರಡರ ಮಧ್ಯೆ 8 ಪಿಕ್ಸೆಲ್ ಜಾಗ ಇತ್ತು. ಅಲ್ಲೇ ಸ್ಟೂಲ್ ಮೇಲೆ ಕೂತು ಬಾಕ್ಸಿನ ಎತ್ತರ 48 ಮಾಡಿ, ಮಧ್ಯೆ 16 ಬಿಟ್ಟೆ, ಅವ್ನು ಮತ್ತೆ 25, 52 ಹೊಡ್ದ, 6205 ಬಂತು.